ಕುರುಗೋಡಿನಲ್ಲಿ ಅಲುಗಾಡಿಸಿ ನೋಡಿದ ಸೀಲಿಂಗು

ಚಿದಾನಂದಪ್ಪನವರು ಬರೆದಿದ್ದ ಸೀಲಿಂಗ್ ನಿಯಮಗಳನ್ನು ತಿದ್ದುವ ಕೆಲಸ ಎರ್ರಿಸ್ವಾಮಿಯ ಪಾಲಿಗೆ ಬಂದಾಗ, ಬಳ್ಳಾರಿಯ ಲೋಕೋಪಯೋಗಿ ಕಚೇರಿಯಲ್ಲಿ ಯಾರಿಗೂ ಅದು ಒಳ್ಳೆಯ ಸುದ್ದಿ ಅನ್ನಿಸಲಿಲ್ಲ.

ಚಿದಾನಂದಪ್ಪನವರು ಹಿರಿಯ ಇಂಜಿನಿಯರು. ಬ್ರೂಸ್‌ಪೇಟೆಯ ಹಳೆಯ ವ್ಯಾಪಾರಸ್ಥರ ಮನೆತನ, ಪಾರ್ವತಿನಗರದಲ್ಲಿ ಸ್ವಂತ ಮನೆ. ಜಿಲ್ಲೆಯ ಸರ್ಕಾರಿ ಸಭಾಭವನಗಳಲ್ಲಿ ಫಾಲ್ಸ್ ಸೀಲಿಂಗ್ ಹೇಗೆ ಕಟ್ಟಬೇಕೆಂದು ಅವರು ಬರೆದಿಟ್ಟದ್ದೇ ಅಲ್ಲಿಯವರೆಗೆ ಶಾಸನವಾಗಿತ್ತು. ಎರ್ರಿಸ್ವಾಮಿ ಸಿರುಗುಪ್ಪ ತಾಲೂಕಿನ ಕರೂರಿನವನು, ಒಕ್ಕಲುತನದ ಮನೆಯಿಂದ ಬಂದು ಇಂಜಿನಿಯರಾದವನು, ಅವರ ಕೈಕೆಳಗಿನವನು. ಹಿಂದಿನ ವರ್ಷ, ೧೯೬೭ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಕೊಯ್ನಾದ ಕಡೆ ಭೂಕಂಪವಾದಾಗ ನೋಡಿಬರಲು ಹೋದ ತಂಡದಲ್ಲಿ ಅವನೂ ಇದ್ದ. ಅಲ್ಲೊಂದು ಭವನದಲ್ಲಿ ಗೋಡೆ ನಿಂತಿತ್ತು, ಮೇಲಿನ ಸ್ಲ್ಯಾಬು ನಿಂತಿತ್ತು, ಇಳಿಬಿಟ್ಟಿದ್ದ ಸೀಲಿಂಗು ಮಾತ್ರ ಸಾಲು ಕುರ್ಚಿಗಳ ಮೇಲೆ ಮುರಿದು ಬಿದ್ದಿತ್ತು. ಕುರ್ಚಿಗಳ ನಡುವೆ ಹೆಂಗಸರ ಚಪ್ಪಲಿಗಳಿದ್ದವು. ಅದನ್ನು ಅವನು ವರದಿಯಲ್ಲಿ ಬರೆದ. ಬೆಂಗಳೂರಿನ ಮೇಲಧಿಕಾರಿಗಳು ಓದಿ, ನಿಯಮ ತಿದ್ದಿ ಕಳಿಸು ಎಂದು ಅವನಿಗೇ ಆದೇಶ ಕಳಿಸಿದರು. ಸಿರುಗುಪ್ಪದಲ್ಲಿ ಹೊಸ ಸಭಾಭವನದ ಸ್ಲ್ಯಾಬು ಮುಗಿದಿತ್ತು. ಸೀಲಿಂಗಿನ ಕೆಲಸ ಹೊಸ ನಿಯಮಕ್ಕಾಗಿ ಕಾಯುತ್ತಿತ್ತು.

ಹಳೆಯ ರೀತಿಯಲ್ಲಿ, ತೇಗದ ಚೌಕಟ್ಟಿಗೆ ಪ್ಲಾಸ್ಟರ್ ಹಲಗೆ ಬಡಿದು, ಚೌಕಟ್ಟನ್ನು ತಂತಿಗಳಿಂದ ಸ್ಲ್ಯಾಬಿಗೆ ನೇತುಹಾಕಿ, ನಾಲ್ಕೂ ಗೋಡೆಗೆ ಬಿಗಿಯಾಗಿ ತುರುಕುತ್ತಿದ್ದರು. ನೆಲ ಅಲುಗಿದರೆ ಇದು ತೊಟ್ಟಿಲಿನ ಹಾಗೆ ತೂಗಿ ಗೋಡೆಗೆ ಗುದ್ದಿಕೊಂಡು ಅಂಚು ಪುಡಿಯಾಗುತ್ತದೆ ಎಂಬುದು ಎರ್ರಿಸ್ವಾಮಿಯ ವಾದ. ಗೋಡೆಯಿಂದ ಸ್ವಲ್ಪ ಸಂದು ಬಿಡಬೇಕು, ತೂಗದಂತೆ ನಾಲ್ಕು ದಿಕ್ಕಿಗೂ ಓರೆ ತಂತಿ ಎಳೆಯಬೇಕು, ಫ್ಯಾನು ದೀಪಗಳನ್ನು ಸೀಲಿಂಗಿಗೆ ಕಟ್ಟದೆ ಸ್ಲ್ಯಾಬಿನಿಂದಲೇ ಇಳಿಸಬೇಕು ಎಂದು ಅವನು ಕರಡು ಬರೆದ.

ಚಿದಾನಂದಪ್ಪನವರು ಅದನ್ನು ಎಲ್ಲರೆದುರಿಗೆ ಓದಿದರು.

“ಬಳ್ಳಾರ್‍ಯಾಗ ಭೂಕಂಪ,” ಎಂದು ಕಾಗದ ಕೆಳಗಿಟ್ಟರು. “ಈ ಗುಡ್ಡ ಅಲುಗಾಡಿದ್ದು ನಿಮ್ಮಪ್ಪ ಕಂಡಾನೋ, ನಿಮ್ಮ ಮುತ್ಯಾ ಕಂಡಾನೋ? ಕರೂರಿನ ಕೆಸರಾಗ ನಿಂತು ನೋಡಿದ್ರ ಎಲ್ಲಾ ಅಲುಗಾಡಿದಂಗ ಕಾಣ್ತೈತ್ರಿ.”

“ಕೊಯ್ನಾದ ಮಂದೀನೂ ಹಿಂಗ ಅಂತಿದ್ರಂತ್ರಿ, ಸಾಹೇಬ್ರ,” ಎಂದ ಎರ್ರಿಸ್ವಾಮಿ.

ಅಂದಿನಿಂದ ಅವನಿಗೆ ಕಚೇರಿಯ ಜೀಪು ಸಿಗಲಿಲ್ಲ. ಸಿರುಗುಪ್ಪಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿಬಂದ. ಅವನ ನಕ್ಷೆಗಳ ಪ್ರತಿ ತೆಗೆಯುವವನಿಗೆ ಯಾವಾಗಲೂ ಬೇರೆ ಕೆಲಸವಿರುತ್ತಿತ್ತು. ಕರಡು ಕೆಂಪು ಮಸಿ ಬಳಿಸಿಕೊಂಡು ಮರಳಿ ಬರುತ್ತಿತ್ತು. ಒಂದೊಂದು ಸಲ ಒಂದು ಅಕ್ಷರದ ತಪ್ಪಿಗೂ. ಅವನೂ ಸುಮ್ಮನಿರಲಿಲ್ಲ. ಹಳೆಯ ನಿಯಮಗಳು ಜೀವಕ್ಕೆ ಅಪಾಯಕಾರಿ ಎಂದು ಬೆಂಗಳೂರಿಗೆ ಬರೆದು, ಅದರ ಪ್ರತಿಯನ್ನು ಚಿದಾನಂದಪ್ಪನವರ ಮೇಜಿನ ಮೇಲೆ ತಾನೇ ಇಟ್ಟು ಬಂದ. ಅವರು ಕಟ್ಟಿಸಿದ ಭವನಗಳನ್ನೆಲ್ಲ ಬಿಚ್ಚಿ ನೋಡಬೇಕೆಂದು ಚಹಾದಂಗಡಿಯಲ್ಲಿ ಜನ ಕೇಳುವ ಹಾಗೆ ಹೇಳಿದ. ಅವನ ಹೆಂಡತಿ ಶಿವಬಸಮ್ಮನೂ ಚಿದಾನಂದಪ್ಪನವರ ಹೆಂಡತಿ ವಿರೂಪಮ್ಮನೂ ಶ್ರಾವಣದಲ್ಲಿ ಕೂಡಿ ಪುರಾಣ ಕೇಳಲು ಹೋಗುತ್ತಿದ್ದವರು. ಆ ಸಲ ಬೇರೆ ಬೇರೆ ಮೂಲೆಯಲ್ಲಿ ಕೂತರು.

ಕೊನೆಗೆ ಚಿದಾನಂದಪ್ಪನವರೇ ಸವಾಲು ಹಾಕಿದರು. ಕಾಗದದ ಮೇಲಿನ ಮಾತು ಸಾಕು, ಎರಡೂ ಬಗೆಯ ಸೀಲಿಂಗು ಕಟ್ಟಿಸಿ ಅಲುಗಾಡಿಸಿ ನೋಡೋಣ ಅಂದರು. ಎರ್ರಿಸ್ವಾಮಿ ಒಪ್ಪಿದ.

ಕುರುಗೋಡಿನ ಗುಡ್ಡದ ಬುಡದಲ್ಲಿ ಗಾದೆಪ್ಪ ಎಂಬ ಗುತ್ತಿಗೆದಾರನ ಕಲ್ಲಿನ ಕ್ವಾರಿಯಿತ್ತು. ಅಲ್ಲಿ ದೊಡ್ಡ ಬಂಡೆಗಳನ್ನು ಉರುಳು ಮರಗಳ ಮೇಲೆ ಸಾಗಿಸುತ್ತಿದ್ದರು. ಅದೇ ಉರುಳುಗಳ ಮೇಲೆ ಕೋಣೆಯಷ್ಟು ದೊಡ್ಡ ಮರದ ಮಂಟಪ ನಿಲ್ಲಿಸಿ, ಪಕ್ಕಗಳಿಗೆ ಹಲಗೆಯ ಗೋಡೆ ಕಟ್ಟಿ, ಒಳಗೆ ಸೀಲಿಂಗು ನೇತುಹಾಕಿದರು. ಎರಡು ಕಡೆಯಿಂದ ಎರಡು ಲಾರಿಗಳು ಸರದಿಯ ಮೇಲೆ ಹಗ್ಗ ಜಗ್ಗುವುದು ಎಂದು ನಿಶ್ಚಯವಾಯಿತು.

ಮೊದಲು ಹಳೆಯ ಬಗೆ. ಲಾರಿಗಳು ಕೆಲವು ಸಲ ಜಗ್ಗುವಷ್ಟರಲ್ಲಿ ಸೀಲಿಂಗಿನ ಅಂಚು ಗೋಡೆಗೆ ಬಡಿದು ಸುಣ್ಣದ ಹಾಗೆ ಉದುರಿತು. ಒಂದು ಪಕ್ಕದ ಹಲಗೆಗಳೆಲ್ಲ ಸಾಲಾಗಿ ಕೆಳಗೆ ಬಂದವು. ಚಿದಾನಂದಪ್ಪನವರು ಕೊಡೆ ಹಿಡಿದು ನಿಂತಲ್ಲೇ ನಿಂತಿದ್ದರು. ಎರ್ರಿಸ್ವಾಮಿ ನಕ್ಕ. ಕೂಲಿಯವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ನಕ್ಕ.

ಆಮೇಲೆ ಅದೇ ಮಂಟಪದಲ್ಲಿ ಹೊಸ ಬಗೆಯದನ್ನು ಕಟ್ಟಿದರು. ಲಾರಿಗಳು ಶುರುವಾಗುವ ಮುಂಚೆ ಎರ್ರಿಸ್ವಾಮಿ ಒಳಗೆ ಹೋಗಿ ಸೀಲಿಂಗಿನ ಕೆಳಗೆ ನಿಂತುಕೊಂಡ. ಗಾದೆಪ್ಪ ಗಾಬರಿಯಾಗಿ ಹೊರಗೆ ಬರ್ರಿ ಎಂದು ಕರೆದ.

“ನಿಂತ್ಕೊಳ್ಳಲಿ ಬಿಡು,” ಎಂದರು ಚಿದಾನಂದಪ್ಪನವರು. “ಅವರ ಸೀಲಿಂಗು, ಅವರ ತಲಿ.”

ಮೊದಮೊದಲ ಜಗ್ಗುಗಳಿಗೆ ಸೀಲಿಂಗಿಗೆ ಏನೂ ಆಗಲಿಲ್ಲ. ಗೋಡೆಗೂ ಅಂಚಿಗೂ ನಡುವಿನ ಸಂದು ಕಿರಿದಾಗಿ ಅಗಲವಾಗಿ ಆಡುತ್ತಿತ್ತು, ಎಲ್ಲೂ ಬಡಿಯಲಿಲ್ಲ. ಎರ್ರಿಸ್ವಾಮಿ ಹೊರಗೆ ನೋಡಿ ಕೈ ಕಟ್ಟಿಕೊಂಡ. ಚಿದಾನಂದಪ್ಪನವರು ಇನ್ನೂ ಜೋರಾಗಿ ಜಗ್ಗಲು ಹೇಳಿಕಳಿಸಿದರು. ಈ ಸಲ ಮಂಟಪ ಹೊಯ್ದಾಡಿದಾಗ ಸೀಲಿಂಗು ಪಕ್ಕಕ್ಕೆ ಹೋಗುವ ಬದಲು ನಡುವೆ ಮೇಲಕ್ಕೆ ನೆಗೆದು ಧಡಕ್ಕನೆ ಮರಳಿ ಬಿತ್ತು. ಮೊಳೆಗಳು ಕಿತ್ತುಬಂದವು. ನಡುಸಾಲಿನ ಹಲಗೆಯೊಂದು ಎರ್ರಿಸ್ವಾಮಿಯ ಭುಜಕ್ಕೆ ಬಡಿಯಿತು.

ಲಾರಿಗಳು ನಿಂತವು. ಮೊಣಕಾಲೂರಿ ಕೂತ ಅವನಿಗೆ ಕೂಲಿಯ ಸುಂಕಲಮ್ಮ ಓಡಿಬಂದು ನೀರು ಕುಡಿಸಿದಳು. ಚಿದಾನಂದಪ್ಪನವರು ಒಳಗೆ ಬಂದರು. ಅವನ ಕಡೆ ನೋಡದೆ ಅವನ ಕಾಲು ದಾಟಿಕೊಂಡು ಹೋಗಿ, ತೂತು ಬಿದ್ದ ಸೀಲಿಂಗಿನ ಕೆಳಗೆ ಕತ್ತೆತ್ತಿ ನಿಂತರು. ಏಣಿ ತರಿಸಿ ಹತ್ತಿ, ತಂತಿಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಏಣಿಯ ಮೇಲಿಂದಲೇ ಮಾತಾಡಿದರು.

“ತಂತಿ ಎಳೀತೈತಿ, ಒತ್ತಂಗಿಲ್ಲ. ಓರೆ ತಂತಿ ಬಿಗಿ ಆತಂದ್ರ ಸೀಲಿಂಗ್ ಮ್ಯಾಲಕ್ಕ ಹಾರ್ತೈತಿ. ತಂತಿ ಕೂಡೋ ಕಡಿ ಬಾಗದಂಥ ಪೈಪು ನಿಲ್ಲಸಬೇಕು, ಮ್ಯಾಲಿನ ಸ್ಲ್ಯಾಬಿಗೆ ಒತ್ತಿ ಹಿಡಿಯೋದು. ಇಷ್ಟೂ ತಿಳೀಲಿಲ್ಲೇನು ನಿನಗ?”

ಅವರು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಭುಜದ ಎಲುಬು ಬಿರುಕು ಬಿಟ್ಟಿತ್ತು. ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಎರ್ರಿಸ್ವಾಮಿ ಮನೆಯಲ್ಲಿ ಮಲಗಿದ. ಬಿದ್ದ ಮನುಷ್ಯನನ್ನು ದಾಟಿ ಹೋದರೆಂದು ಬೆಂಗಳೂರಿಗೆ ಬರೆಯಿರಿ, ಅವರ ನೌಕರಿಗೇ ಕುತ್ತು ಬರುತ್ತದೆ ಎಂದು ಶಿವಬಸಮ್ಮ ಹಟ ಹಿಡಿದಳು. ಬರೆಯುವ ಮನಸ್ಸು ಅವನಿಗೂ ಇತ್ತು. ಆದರೆ ಕಣ್ಣು ಮುಚ್ಚಿದರೆ ಆ ಸೀಲಿಂಗು ನೆಗೆದದ್ದೇ ಕಾಣುತ್ತಿತ್ತು. ಚಿದಾನಂದಪ್ಪನವರ ಮಾತಿನಲ್ಲಿ ಒಂದು ತಪ್ಪಾದರೂ ಸಿಗಲಿ ಎಂದು ಮಲಗಿದಲ್ಲೇ ಹುಡುಕಿದ. ಸಿಗಲಿಲ್ಲ. ಮೈ ಉರಿಯಿತು. ಆ ಸಿಟ್ಟಿನಲ್ಲೇ ಎದ್ದು ಕೂತು, ಎಡಗೈಯಲ್ಲಿ ಸೊಟ್ಟಪಟ್ಟ ಪೈಪಿನ ಚಿತ್ರ ಬರೆದ.

ದೂರು ಕಳಿಸಲಿಲ್ಲ. ಕರಡಿಗೆ ಪೈಪಿನ ನಿಯಮ ಸೇರಿಸಿ, ಕೆಳಗೆ ‘ಚಿದಾನಂದಪ್ಪನವರ ಸೂಚನೆಯಂತೆ’ ಎಂದು ಬರೆದ. ಪ್ರೀತಿಯಿಂದ ಬರೆದದ್ದಲ್ಲ. ಅವರ ಋಣ ಬೇಡವಾಗಿತ್ತು. ಅವರು ಆ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ ಅವನನ್ನು ಕರೆಸಿದರು.

“ನನ್ನ ಹೆಸರು ನಿಮ್ಮ ಕಾಗದದಾಗ ಬ್ಯಾಡ.”

“ನಿಮ್ಮ ಮಾತು ನನ್ನದಂತ ಹೇಳಾಕ ನನಗೂ ಬ್ಯಾಡ್ರಿ.”

ಹೆಸರಿಲ್ಲದೆಯೇ ನಿಯಮ ಹೋಯಿತು. ಹೋಗುವ ಮುಂಚೆ ಕುರುಗೋಡಿನಲ್ಲಿ ಪೈಪು ನಿಲ್ಲಿಸಿ ಮತ್ತೊಮ್ಮೆ ಜಗ್ಗಿಸಿದರು. ಹಗ್ಗ ಹರಿಯಿತು, ಸೀಲಿಂಗು ನಿಂತಿತು. ಗಾದೆಪ್ಪ ಖುಷಿಯಿಂದ ಇಬ್ಬರಿಗೂ ಚಹಾ ತರಿಸಿದ. ಚಿದಾನಂದಪ್ಪನವರು ಕುಡಿಯದೆ ಜೀಪು ಹತ್ತಿದರು.

ಮರುವರ್ಷ ಸಿರುಗುಪ್ಪದ ಭವನ ಮುಗಿಯುವ ಹೊತ್ತಿಗೆ ಎರ್ರಿಸ್ವಾಮಿ ಅದನ್ನು ಪರೀಕ್ಷಿಸಲು ಹೋದ. ಒಳಗಿನಿಂದ ಬೈಗುಳ ಕೇಳಿ ಬಾಗಿಲಲ್ಲೇ ನಿಂತ. ಗೋಡೆಯ ಪಕ್ಕದ ಸಂದು ಚಂದ ಕಾಣುವುದಿಲ್ಲವೆಂದು ಗಾರೆಯವರು ಅದನ್ನು ಪ್ಲಾಸ್ಟರಿನಿಂದ ಮುಚ್ಚಿಬಿಟ್ಟಿದ್ದರು. ಚಿದಾನಂದಪ್ಪನವರು ಅವನಿಗಿಂತ ಮುಂಚೆ ಬಂದು ಅದನ್ನು ನೋಡಿದ್ದರು.

“ಪೂರಾ ಕೆತ್ರಿ,” ಎನ್ನುತ್ತಿದ್ದರು. “ನಾಲ್ಕೂ ಕಡಿ. ನಾಳೆ ಮಂದಿ ಸತ್ರ ಚಂದಾನ ನೆಕ್ಕಾಕಾಗ್ತೈತೇನು?”

ಎರ್ರಿಸ್ವಾಮಿ ಒಳಗೆ ಹೋಗಲಿಲ್ಲ. ಉಳಿಯ ಸದ್ದು ಕೇಳುತ್ತ ಬೇವಿನ ಮರದ ಕೆಳಗೆ ಕಾದ. ಚಿದಾನಂದಪ್ಪನವರು ಹೊರಬಂದಾಗ ಇಬ್ಬರ ಕಣ್ಣೂ ಕೂಡಿದವು. ಅವರು ಬಟ್ಟೆಯ ಮೇಲಿನ ಬಿಳಿ ಧೂಳು ಕೊಡವಿಕೊಂಡು ಹೊರಟುಹೋದರು. ಆಮೇಲೆ ಅವನು ಒಳಗೆ ಹೋಗಿ ನೋಡಿ, ಭವನ ಸರಿಯಿದೆ ಎಂದು ಬರೆದುಕೊಟ್ಟ.

ಅವರ ಕೈಕೆಳಗೆ ಇನ್ನು ಸಾಕೆನಿಸಿ ಆ ವರ್ಷವೇ ಅವನು ರಾಯಚೂರಿಗೆ ವರ್ಗ ಕೇಳಿದ. ಬೇರೆಯವರಿಗೆ ವರ್ಷಗಟ್ಟಲೆ ಕಾದರೂ ಸಿಗದ ವರ್ಗ ಅವನಿಗೆ ತಿಂಗಳೊಳಗೆ ಸಿಕ್ಕಿತು. ಅದಕ್ಕಾಗಿ ಬೆಂಗಳೂರಿಗೆ ಖುದ್ದಾಗಿ ಹೋಗಿ ಓಡಾಡಿದವರು ಚಿದಾನಂದಪ್ಪನವರೇ ಎಂದು ಕಚೇರಿಯವರು ಹೇಳಿದರು. ಎರ್ರಿಸ್ವಾಮಿ ನಂಬಿದ. ಬೀಳ್ಕೊಡುವ ದಿನ ಅವರು ರಜೆ ಹಾಕಿದ್ದರು, ಎದುರು ನಿಂತು ಉಪಕಾರ ನೆನೆಯುವುದು ತಪ್ಪಿತೆಂದು ಅದೂ ಅವನಿಗೆ ಸಮಾಧಾನವೇ ಆಯಿತು.