ವನಜಾಕ್ಷಿ ಟೀಚರಿಗೆ ತಣ್ಣನೆ ಕಾಫಿ

ನಡುಬೇಸಗೆಯಲ್ಲೂ ವನಜಾಕ್ಷಿ ಟೀಚರ ಕುತ್ತಿಗೆಯಲ್ಲಿ ಕಂದು ಬಣ್ಣದ ಉಣ್ಣೆಯ ಮಫ್ಲರು ಇರುತ್ತಿತ್ತು. ಊರಿನ ಅರ್ಧದಷ್ಟು ಮಕ್ಕಳಿಗೆ ಸಂಗೀತ ಕಲಿಸಿದವರು ಅವರು. ಕಂಠಕ್ಕಾಗಿ ಮೊಸರು ಬಿಟ್ಟಿದ್ದರು, ಹುಣಸೆ ಬಿಟ್ಟಿದ್ದರು, ಮಡಕೆಯ ನೀರನ್ನೂ ಬಿಟ್ಟಿದ್ದರು. ಬಿಡದೆ ಉಳಿಸಿಕೊಂಡ ಒಂದೇ ಸುಖವೆಂದರೆ ಕಾಫಿ. ಅದೂ ತುಟಿ ಸುಡುವಷ್ಟು ಬಿಸಿಯಾಗಿ, ದಿನಕ್ಕೆ ಮೂರು ಲೋಟ.

ಅವರ ಬಳಿ ನಾನು ಒಂಬತ್ತು ವರ್ಷ ಕಲಿತೆ. ಹದಿನಾರನೆಯ ವಯಸ್ಸಿನಲ್ಲಿ ನನ್ನ ಮೊದಲ ಕಚೇರಿ. ಅಂದು ಮಧ್ಯಾಹ್ನ ಸೆಕೆ ತಾಳಲಾರದೆ ಕೆರೆ ಏರಿಯ ಅಂಗಡಿಯಲ್ಲಿ ಒಂದು ಕೋನ್ ಐಸ್‌ಕ್ರೀಮು ತಿಂದೆ. ಸಂಜೆ ಹಾಡಿದೆ, ಜನ ಚಪ್ಪಾಳೆ ತಟ್ಟಿದರು. ಮರುದಿನ ಪಾಠಕ್ಕೆ ಹೋಗುವಷ್ಟರಲ್ಲಿ ಯಾರೋ ಟೀಚರಿಗೆ ಐಸ್‌ಕ್ರೀಮಿನ ಸುದ್ದಿ ಮುಟ್ಟಿಸಿದ್ದರು.

"ಕಂಠದ ಮೇಲೆ ಭಯಭಕ್ತಿ ಇಲ್ಲದೋರು ನನ್ನ ಚಾಪೆ ಮೇಲೆ ಕೂರಬಾರದು. ಎದ್ದು ಹೋಗು," ಎಂದರು.

ಎದ್ದು ಬಂದೆ. ಆಮೇಲೆ ಎಲ್ಲಿಯೂ ಹಾಡಲಿಲ್ಲ. ದೊಡ್ಡದೇನನ್ನೋ ಕೈಯಾರೆ ಕೆಡಿಸಿಕೊಂಡೆ ಎಂದು ಇಪ್ಪತ್ತೆರಡು ವರ್ಷ ನಂಬಿಕೊಂಡೇ ಇದ್ದೆ.

ಹಾಡು ತಪ್ಪಿದವಳಿಗೆ ಅಡುಗೆ ಒಲಿಯಿತು. ಮನೆಯಿಂದಲೇ ನಲವತ್ತು ಮನೆಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದೆ. ಬಾಣಂತಿಯ ಬಾಯಿಗೂ ಜ್ವರ ಬಿಟ್ಟವರ ನಾಲಿಗೆಗೂ ಏನು ರುಚಿಸುತ್ತದೆ ಎಂದು ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ಒಲೆಯ ಮುಂದೆ ನಿಂತರೆ ನನಗೆ ಯಾರ ಅಂಜಿಕೆಯೂ ಇರಲಿಲ್ಲ.

ಒಂದು ಬೆಳಗ್ಗೆ ಟೀಚರ ತಂಗಿ ಪದ್ದಕ್ಕ ಬಂದು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಕೂರಲು ಹೇಳಿದರೂ ಕೂರಲಿಲ್ಲ.

"ಅಕ್ಕನಿಗೆ ಗಂಟಲು ಆಪರೇಷನ್ ಆಯ್ತು ಕಣೇ. ಒಂದು ಗಂಟಿತ್ತು, ತೆಗೆದ್ರು. ಎರಡು ವಾರ ಮಾತಾಡೋ ಹಾಗಿಲ್ಲ. ಬಿಸಿ ಬೇಡ, ತಣ್ಣಗಿರೋದು, ತೆಳ್ಳಗಿರೋದು ಕೊಡಿ ಅಂದಿದಾರೆ ಡಾಕ್ಟ್ರು. ಇವಳು ತಣ್ಣಗಿರೋದು ಅಂದ್ರೆ ಮುಖ ತಿರುಗಿಸ್ತಾಳೆ. ಐದು ದಿನ ಆಯ್ತು, ಬರೀ ಗುಟುಕು ನೀರು. ನಾಳೆಗೂ ಹೀಗೇ ಇದ್ರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕ್ತಾರಂತೆ."

"ಕಾಫಿ ತಣ್ಣಗೆ ಮಾಡಿ ಕೊಡಬಹುದಲ್ಲ?"

"ಆರಿದ ಕಾಫಿನ ಮೂಸಿ ನೋಡಿ ತಳ್ಳಿಬಿಟ್ಟಳು. ಅಂಗಡಿಯಿಂದ ಕೋಲ್ಡ್ ಕಾಫಿ ತರಿಸಿದೆ. ಮೇಲೆ ಎರಡು ಉಂಡೆ ಐಸ್‌ಕ್ರೀಮು, ಗಟ್ಟಿ ಪಾಯಸದ ಹಾಗಿತ್ತು. ಒಂದೇ ಗುಟುಕಿಗೆ ಸಿಕ್ಕಿಕೊಂಡು ಕೆಮ್ಮು ಹತ್ತಿತು." ಪದ್ದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಿನ್ನ ಹತ್ರ ಬರೋಕೆ ನನಗೇನು ಮುಖ ಇದೆ ಹೇಳು. ಆದ್ರೂ ಬಂದೆ."

"ನೀವು ಮನೆಗೆ ನಡೀರಿ ಪದ್ದಕ್ಕ. ಮಧ್ಯಾಹ್ನ ತರ್ತೀನಿ. ಕುಡೀತಾರೆ," ಎಂದೆ.

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲು ಬಿಸಿ ಡಿಕಾಕ್ಷನ್ನಿಗೇ ಐಸ್‌ಕ್ರೀಮು ಹಾಕಿದೆ. ಜಿಡ್ಡು ಮೇಲೆ ತೇಲಿತು. ಚೆಲ್ಲಿದೆ. ತಣ್ಣಗಾದದ್ದಕ್ಕೆ ಐಸು ಹಾಕಿದರೆ ಮೂರು ನಿಮಿಷಕ್ಕೆ ನೀರು ನೀರು. ನಲವತ್ತು ವರ್ಷ ಕಾಫಿ ಕುಡಿದ ನಾಲಿಗೆ ಅದನ್ನು ಒಪ್ಪುವುದಿಲ್ಲವೆಂದು ಅದನ್ನೂ ಚೆಲ್ಲಿದೆ. ಆಮೇಲೆ ಬುದ್ಧಿ ಹೊಳೆಯಿತು. ಗಟ್ಟಿ ಡಿಕಾಕ್ಷನ್ ಇಳಿಸಿ, ಅದನ್ನೇ ಫ್ರಿಜ್ಜಿನ ತಟ್ಟೆಗೆ ಹುಯ್ದು ಗಡ್ಡೆ ಕಟ್ಟಲು ಇಟ್ಟೆ. ಕರಗಿದರೂ ಅದು ಕಾಫಿಯೇ ತಾನೆ! ಹಾಲು ಕಾಯಿಸಿ, ಆರಿಸಿ, ಎರಡು ಸಲ ಕೆನೆ ತೆಗೆದೆ. ಡಿಕಾಕ್ಷನ್ನಿನ ಗಡ್ಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿಮಾಡಿ ಆ ಹಾಲಿಗೆ ಸೇರಿಸಿದೆ. ಒಂದೇ ಒಂದು ಚಮಚ ವೆನಿಲಾ ಐಸ್‌ಕ್ರೀಮು ಹಾಕಿ, ಸಣ್ಣ ಕಡೆಗೋಲಿನಲ್ಲಿ ನೊರೆ ಬರುವಂತೆ ಕಡೆದೆ. ಸಕ್ಕರೆ ಹಾಕಲಿಲ್ಲ. ಐಸಿನ ಚೂರು ಗಾಯಕ್ಕೆ ತಾಗಬಾರದೆಂದು ಕೊನೆಗೆ ಸೋಸಿದೆ. ರುಚಿ ನೋಡಿದೆ. ನಾಲಿಗೆಗೆ ಅಪ್ಪಟ ಕಾಫಿ, ಗಂಟಲಿಗೆ ಎಳನೀರಿನಷ್ಟು ಹಗುರ. ಇದು ಇಳಿಯುತ್ತದೆ ಎಂದುಕೊಂಡೆ.

ಟೀಚರು ದಿಂಬಿಗೆ ಒರಗಿ ಕುಳಿತಿದ್ದರು. ಮಫ್ಲರು ಈಗಲೂ ಇತ್ತು, ಅದರಡಿಯಲ್ಲಿ ಬಿಳಿಯ ಪಟ್ಟಿ. ತೊಡೆಯ ಮೇಲೆ ಸ್ಲೇಟು, ಬಳಪ. ನನ್ನನ್ನು ಗುರುತಿಸಿದರು, ಮುಖದಲ್ಲಿ ಏನೂ ಕಾಣಿಸಲಿಲ್ಲ. ಲೋಟದ ನೊರೆ ನೋಡಿ ಸ್ಲೇಟಿನಲ್ಲಿ ಬರೆದರು: "ಐಸ್‌ಕ್ರೀಮಾ?"

"ಹೌದು ಟೀಚರ್, ಒಂದು ಚಮಚ ಇದೆ. ಸುಳ್ಳು ಹೇಳಲ್ಲ. ಮಿಕ್ಕಿದ್ದೆಲ್ಲ ಕಾಫಿ. ಡಿಕಾಕ್ಷನ್ ನಾನೇ ಇಳಿಸಿದ್ದು. ನನ್ನ ಮೇಲಿನ ಕೋಪ ಕಾಫಿ ಮೇಲೆ ಬೇಡ."

ಪದ್ದಕ್ಕ ಉಸಿರು ಬಿಗಿಹಿಡಿದು ನಿಂತಿದ್ದರು. ಟೀಚರು ಲೋಟವನ್ನು ಮೂಗಿನ ಬಳಿ ತಂದು ಬಹಳ ಹೊತ್ತು ಹಿಡಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕೆಮ್ಮು ಬರಲಿಲ್ಲ. ಇನ್ನೊಂದು ಗುಟುಕು, ಮತ್ತೊಂದು. ಲೋಟ ಬರಿದಾದಾಗ ಪದ್ದಕ್ಕ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಒಳಕೋಣೆಗೆ ಹೋಗಿಬಿಟ್ಟರು.

ಟೀಚರು ಬಳಪ ಕೈಗೆತ್ತಿಕೊಂಡರು. "ಅವತ್ತು ತಿಂದದ್ದು ಯಾವುದು?"

"ಇದೇ ಟೀಚರ್. ವೆನಿಲಾ."

ಅದನ್ನು ಒರೆಸಿ ಮತ್ತೆ ಬರೆದರು. "ನೀನು ತಿಂದೂ ಮೇಲಿನ ಪಂಚಮ ಮುಟ್ಟಿದೆ. ನಾನು ಎಲ್ಲ ಬಿಟ್ಟೂ ಒಂದು ದಿನವೂ ಮುಟ್ಟಲಿಲ್ಲ."

ನಾನು ಓದಿದ್ದೇನೆಂದು ತಿಳಿದ ಮೇಲೆ ಅದನ್ನೂ ಒರೆಸಿದರು. ಈ ಸಲ ಬಳಪ ನಿಧಾನವಾಗಿ ಸರಿಯಿತು. "ನಿನ್ನನ್ನು ಕಳಿಸಿದ್ದು ಹೊಟ್ಟೆಕಿಚ್ಚಿಗೆ. ಐಸ್‌ಕ್ರೀಮಿಗಲ್ಲ."

ಲೋಟ ತೆಗೆದುಕೊಂಡು ಅವರ ಅಡುಗೆಮನೆಗೆ ನಡೆದೆ. ನಲ್ಲಿಯ ಕೆಳಗೆ ಆ ಒಂದು ಲೋಟವನ್ನು ಎಷ್ಟು ಸಲ ತೊಳೆದೆನೋ. ಇಪ್ಪತ್ತೆರಡು ವರ್ಷ ಸುಮ್ಮನೆ ಹೊತ್ತ ಅಪರಾಧ ಅದು. ಸಿಟ್ಟು ಬಂತು, ಅಳುವೂ ಬಂತು. ಆಮೇಲೆ ಎರಡೂ ಸರಿದು, ನನ್ನ ಕಂಠ ಅಂದು ಚೆನ್ನಾಗಿತ್ತು ಎಂಬ ಒಂದೇ ಮಾತು ಒಳಗೆ ನಿಂತಿತು. ಅವರನ್ನು ಕ್ಷಮಿಸುವ ಅವಸರವೇನೂ ನನಗಿರಲಿಲ್ಲ. ಮರುದಿನಕ್ಕೆ ಡಿಕಾಕ್ಷನ್ ಗಡ್ಡೆ ಕಟ್ಟಿಸುವುದಿತ್ತು, ಅಷ್ಟೆ.

"ನಾಳೆ ಎಷ್ಟು ಲೋಟ ತರಲಿ?" ಎಂದು ಹೊರಗೆ ಬಂದು ಕೇಳಿದೆ.

ಮೂರು ಬೆರಳು ಎತ್ತಿದರು.

ದಿನವೂ ಒಯ್ದೆ. ನಳಿಗೆಯ ಮಾತು ಯಾರೂ ಎತ್ತಲಿಲ್ಲ. ಎರಡು ವಾರ ಕಳೆದ ಮೇಲೆ ಡಾಕ್ಟರು ಮಾತಾಡಲು ಬಿಟ್ಟರು. ಧ್ವನಿ ಒಡೆದಿತ್ತು, ಪಿಸುಮಾತಿಗಿಂತ ತುಸು ದಪ್ಪ. ಹಾಡುವುದು ಇನ್ನಿಲ್ಲ ಎಂಬುದು ಅವರಿಗೇ ಮೊದಲು ಗೊತ್ತಾಯಿತು. ಅದನ್ನವರು ಅಳದೆ ಒಪ್ಪಿಕೊಂಡರು.

"ಮಕ್ಕಳಿಗೆ ಪಾಠ ನಿಂತಿದೆ," ಎಂದರು ಆ ಧ್ವನಿಯಲ್ಲಿ. "ನಾನು ಹೇಳ್ತೀನಿ, ನೀನು ಹಾಡಿ ತೋರಿಸು. ಬರ್ತೀಯಾ? ಇಲ್ಲ ಅನ್ನೋ ಹಕ್ಕು ನಿನಗಿದೆ."

"ನನಗೆ ಬರತ್ತೋ ಇಲ್ವೋ ಟೀಚರ್."

"ನೋಡೋಣ. ಕೂತ್ಕೋ."

ಚಾಪೆಯ ಮೇಲೆ ಕುಳಿತೆ. ಷಡ್ಜ ಹಿಡಿದೆ, ನಿಂತಿತು. ಏರುತ್ತ ಹೋದೆ. ಎಂದೋ ನಡೆದ ದಾರಿ, ಕಾಲಿಗೆ ನೆನಪಿತ್ತು. ಪಂಚಮಕ್ಕೆ ಒಂದೇ ಮೆಟ್ಟಿಲು ಕೆಳಗೆ, ಮೇಲಿನ ಮಧ್ಯಮದ ಹತ್ತಿರ, ಧ್ವನಿ ಸೀಳಿ ನಿಂತುಹೋಯಿತು. ನಾನು ತಲೆ ತಗ್ಗಿಸಿದೆ. ಟೀಚರ ಬಲಗೈ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು. ಆವರ್ತ ಮುಗಿದು ಇನ್ನೊಂದು ಆರಂಭವಾಯಿತು, ಅದೂ ಮುಗಿಯಿತು. ನಾನು ಬಂದು ಸೇರಿಕೊಳ್ಳುವ ತನಕ ಅವರು ಖಾಲಿ ತಾಳವನ್ನು ಹಾಕುತ್ತ ಕುಳಿತೇ ಇದ್ದರು.