ವರ್ನಾ ಕಲಿತ ಕ್ಲಚ್ಚು

ಅರವತ್ತೆಂಟನೇ ಇಸವಿಯ ತನ್ನ ಹಸಿರು ಜಿಟಿಒ ಕಾರಿಗೆ ಮರುಜನ್ಮ ಕೊಡಲು ವೆಂಡೆಲ್ ಟ್ಯಾಕೆಟ್‌ಗೆ ಆರು ವರ್ಷ ಹಿಡಿಯಿತು. ಮಿಶಿಗನ್‌ನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅದರ ತಳವನ್ನು ಜರಡಿ ಮಾಡಿತ್ತು. ಆ ತಳಕ್ಕೆ ಹೊಸ ತಗಡು ಬೆಸೆದವನು ನಾನು, ಎದುರುಮನೆಯ ಓರಿನ್. ಉಳಿದ ಕೆಲಸವೆಲ್ಲ ಅವನದೇ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಇರಬೇಕೆನ್ನುವುದು ಅವನ ವ್ರತ. ಬೋಲ್ಟಿನ ತಲೆಯ ಮೇಲಿನ ಗುರುತು ಬೇರೆಯಾಗಿದ್ದರೂ ವಾಪಸ್ ಕಳಿಸುತ್ತಿದ್ದ. ಹಳೆಯ ಕಾರಿಗೆ ಹೊಸ ಕಾಲದ ಭಾಗ ಹಾಕಿಸಿದವರನ್ನು ಕಂಡರೆ, "ಅಜ್ಜಿಗೆ ಮೀಸೆ ಅಂಟ್ಸಿದಾರೆ ನೋಡು" ಅನ್ನುತ್ತಿದ್ದ.

ಏಪ್ರಿಲ್‌ನಲ್ಲಿ ಕಾರು ಮುಗಿಯಿತು. ಅದೇ ತಿಂಗಳು ಅವನ ಎಡ ಮಂಡಿಯ ಆಪರೇಷನ್ನೂ ಆಯಿತು. ಆ ಕಾಲದ ಗಾಡಿಗಳ ಕ್ಲಚ್ಚೆಂದರೆ ಮೊಂಡು ಕತ್ತೆಯನ್ನು ತಳ್ಳಿದ ಹಾಗೆ. ಅದನ್ನು ಇನ್ನು ತುಳಿಯುವಂತಿಲ್ಲ ಎಂದರು ಡಾಕ್ಟರು.

"ಆಟೋಮ್ಯಾಟಿಕ್ ಗೇರ್ ಹಾಕ್ಸಿಬಿಡು," ಅಂದೆ.

"ಅದಕ್ಕಿಂತ ಕಾರಿನ ಜೊತೆ ನನ್ನನ್ನೂ ಹೂತುಬಿಡು."

ಮೇ ತಿಂಗಳಿಡೀ ಅವನು ಗ್ಯಾರೇಜಿಗೆ ಹೋಗಿ, ಎಂಜಿನ್ ಶುರು ಮಾಡಿ, ಹತ್ತು ನಿಮಿಷ ಅದರ ಸದ್ದು ಕೇಳಿ, ಆರಿಸಿ ಬರುತ್ತಿದ್ದ. ಅದನ್ನು ನೋಡಲಾಗದವಳು ಅವನ ಹೆಂಡತಿ ವರ್ನಾ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು, ಐದಡಿಗೆ ಒಂದಿಂಚು ಕಮ್ಮಿ. ಒಂದು ಬೆಳಿಗ್ಗೆ ಚೆರ್ರಿ ಹಣ್ಣು ತುಂಬಿ ಬೇಯಿಸಿದ ಪೈ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಓರಿನ್, ನಿನ್ನ ಪಿಕಪ್ಪಿಗೆ ಕ್ಲಚ್ ಇದೆಯಲ್ಲ, ನಂಗೆ ಕಲಿಸು. ಅವನಿಗೇನಾದ್ರೂ ಬಾಯಿಬಿಟ್ಯೋ, ಇದೇ ಕೊನೇ ಪೈ."

ಅವಳು ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿದ್ದಾಳೆಂದು ವೆಂಡೆಲ್ ನಂಬಿದ್ದ. ನಾವು ಮುಚ್ಚಿಹೋದ ಅಂಗಡಿಯೊಂದರ ಅಂಗಳದಲ್ಲಿದ್ದೆವು. ಮೊದಲ ದಿನ ಪಿಕಪ್ ಕಪ್ಪೆಯ ಹಾಗೆ ಕುಪ್ಪಳಿಸಿ ಹನ್ನೊಂದು ಸಲ ನಿಂತಿತು.

"ಸಾಕು ಮಾಡೋಣ್ವಾ?" ಅಂದೆ.

"ನಲವತ್ತನಾಲ್ಕು ವರ್ಷ ಅವನ ಜೊತೆ ಏಗಿದೀನಿ. ಇದ್ಯಾವ ಮಹಾ."

ನಾಲ್ಕನೇ ವಾರಕ್ಕೆ ಏರಿನಲ್ಲೂ ಪಿಕಪ್ಪನ್ನು ಹಿಂದಕ್ಕೆ ಜಾರದಂತೆ ಹೊರಡಿಸಿದಳು. ಮರುದಿನ ವೆಂಡೆಲ್‌ನ ಮುಂದೆ ಕೈಚಾಚಿ ಕೀಲಿ ಕೇಳಿದಳು. ಅವನು ನಕ್ಕ, ಆಮೇಲೆ ಕೊಟ್ಟ. ನಾನೂ ಅಲ್ಲೇ ಇದ್ದೆ. ಸೀಟನ್ನು ಪೂರ್ತಿ ಮುಂದೆಳೆದುಕೊಂಡು ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ತುಳಿದಳು. ಪೆಡಲು ಅರ್ಧಕ್ಕೇ ನಿಂತಿತು. ನನ್ನ ಪಿಕಪ್ಪಿನ ಮೆತ್ತನೆಯ ಕ್ಲಚ್ಚಲ್ಲ ಇದು. ಮತ್ತೆ ತುಳಿದಳು, ಮತ್ತೆ. ಕೊನೆಗೆ ಇಳಿದು, ಕೀಲಿಯನ್ನು ಅವನ ಕೈಗಿಟ್ಟು, ಮೊಟ್ಟೆ ಬೇಯಿಸಲು ಒಳಗೆ ಹೋದಳು.

ವೆಂಡೆಲ್ ಬಾನೆಟ್ಟಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ.

"ಒಂದು ಮಾತು ಬೈದಿದ್ರೂ ಸಮಾಧಾನ ಇರ್ತಿತ್ತು," ಅಂದ. ಆಮೇಲೆ, "ಆ ಎಣ್ಣೆ ಒತ್ತಡದ ಕ್ಲಚ್ ಇದೆಯಲ್ಲ, ಮೆತ್ತಗಿರೋದು. ಕೂರ್ಸಕ್ಕೆ ಎಷ್ಟು ದಿನ ಬೇಕು?"

"ಯಾರ ಕಾರಿಗೆ?"

"ಬಾಯ್ಮುಚ್ಚು."

"ಅಜ್ಜಿಗೆ ಮೀಸೆ ಅಂತಿದ್ದೆ?"

"ಅಜ್ಜಿ ಒಳಗೇ ಇದಾಳೆ. ಮೆಲ್ಲಗೆ ಮಾತಾಡು."

ಒಮ್ಮೆ ವ್ರತ ಮುರಿದ ಮೇಲೆ ಅವನಿಗೆ ಕಡಿವಾಣವೇ ಇರಲಿಲ್ಲ. ಕ್ಲಚ್ಚಾಯಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕಾಯಿತು, ಅವಳ ತೋಳು ನೋಯದಿರಲೆಂದು ಪವರ್ ಸ್ಟಿಯರಿಂಗ್ ಬಂತು. ಅವಳ ಕಾಲಿಗೆ ಎಟುಕಲೆಂದು ಪೆಡಲುಗಳಿಗೆ ಒಂದೊಂದು ಇಂಚು ದಪ್ಪದ ಮರದ ತುಂಡನ್ನು ತಾನೇ ಉಜ್ಜಿ ಕೂರಿಸಿದ.

ಆಗಸ್ಟ್‌ನಲ್ಲಿ ಹಳೆಯ ಕಾರುಗಳೆಲ್ಲ ಸೇರುವ ಶನಿವಾರ ನಾವು ಮೂವರೂ ವುಡ್‌ವರ್ಡ್ ರಸ್ತೆಗೆ ಹೋದೆವು. ಎರಡು ದಿಂಬಿನ ಮೇಲೆ ವರ್ನಾ, ಪಕ್ಕದಲ್ಲಿ ವೆಂಡೆಲ್, ಹಿಂದೆ ನಾನು. ರಸ್ತೆಯ ಎರಡೂ ಕಡೆ ಮಡಚುವ ಕುರ್ಚಿ ಹಾಕಿಕೊಂಡು ಜನ. ದೊಡ್ಡ ಸಿಗ್ನಲ್ಲಿನಲ್ಲೇ ಎಂಜಿನ್ ನಿಂತುಹೋಯಿತು. ಹಿಂದಿನವರು ಹಾರ್ನ್ ಹೊಡೆದರು. ಪಕ್ಕದ ಕೆಂಪು ಮಸ್ಟಾಂಗ್ ಕಾರಿನವನು ತಲೆ ಹೊರಹಾಕಿ, "ಅಮ್ಮಾ, ಸ್ಟಿಯರಿಂಗ್ ಯಜಮಾನ್ರಿಗೆ ಕೊಟ್ಬಿಡಿ," ಅಂದ.

"ನೀನು ಮಾತಾಡ್ಬೇಡ," ವರ್ನಾ ಗಂಡನಿಗೆ ಹೇಳಿದಳು.

"ನಾನೇನೂ ಅಂದಿಲ್ಲ."

"ಅನ್ನಕ್ಕೆ ಬಾಯಿ ತೆಗ್ದಿದ್ದೆ."

ಎಂಜಿನ್ ಮತ್ತೆ ಗುಡುಗಿತು. ಹಸಿರು ದೀಪ ಬಿತ್ತು. ಗಾಬರಿಯಲ್ಲಿ ಅವಳು ಆಕ್ಸಿಲರೇಟರ್ ಜೋರಾಗಿ ಒತ್ತಿ ಕ್ಲಚ್ ಥಟ್ಟನೆ ಬಿಟ್ಟಳು. ಹಿಂದಿನ ಟೈರುಗಳು ಕಿರುಚಿದವು, ಬಿಳಿ ಹೊಗೆ ಎದ್ದಿತು, ಜಿಟಿಒ ಬಾಣದಂತೆ ಚಿಮ್ಮಿತು. ಕೂತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಂಪು ಮಸ್ಟಾಂಗ್ ಹೊಗೆಯೊಳಗೆ ಎಲ್ಲೋ ಉಳಿಯಿತು.

"ನನ್ ಹೆಂಡ್ತಿ ಕಣ್ರೋ!" ವೆಂಡೆಲ್ ಅರ್ಧ ಮೈ ಕಿಟಕಿಯ ಹೊರಗೆ ಹಾಕಿ ಕೂಗುತ್ತಿದ್ದ.

"ಬೇಕಂತ ಮಾಡಿದ್ದಲ್ಲ ಅಂತ ಅವರಿಗೆ ಹೇಳ್ಬೇಡ," ಅಂದಳು ವರ್ನಾ, ಕಣ್ಣು ರಸ್ತೆಯಿಂದ ತೆಗೆಯದೆ.

ಸಂಜೆಯವರೆಗೆ ನಾಲ್ಕು ಸಲ ಆ ರಸ್ತೆಯ ಈ ತುದಿಯಿಂದ ಆ ತುದಿಗೆ ಓಡಾಡಿದೆವು. ಮೂರನೆಯ ಸಲಕ್ಕೆ ವೆಂಡೆಲ್ ಅವಳಿಗೆ ಗೇರು ಹೇಳಿಕೊಡುವುದನ್ನು ಬಿಟ್ಟ. ನಾಲ್ಕನೆಯ ಸಲಕ್ಕೆ, ಅಷ್ಟು ಗದ್ದಲದ ನಡುವೆಯೂ, ಕಿಟಕಿಗೆ ಮೊಣಕೈ ಆನಿಸಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದ.