ಅಂಬಾಸಿಡರಿಗೆ ಎ.ಸಿ.

ಗಂಡನ ತಲೆಗೆ ಹಚ್ಚಲು ಕುಸುಮಾವತಿ ತೆಂಗಿನೆಣ್ಣೆಯ ಬಾಟಲಿ ಹುಡುಕುತ್ತಿದ್ದಳು. ಬಚ್ಚಲಲ್ಲಿಲ್ಲ, ಕನ್ನಡಿಯ ಹತ್ತಿರವೂ ಇಲ್ಲ. ರಾತ್ರಿಯಿಡೀ ಆಸ್ಪತ್ರೆಯ ಶೀತಲ ಪೆಟ್ಟಿಗೆಯಲ್ಲಿದ್ದ ಚಂದಯ್ಯನನ್ನು ಈಗಷ್ಟೇ ತಂದು ಅಂಗಳದಲ್ಲಿ ಮಲಗಿಸಿದ್ದರು. ಮೀಯಿಸಲು ಅರ್ಧ ಬೀಜಾಡಿ ಊರೇ ಕಾಯುತ್ತಿತ್ತು. ನಿನ್ನೆ ಉಂಡು ಎದ್ದವನು ಸಂಜೆಗೆ ಇಲ್ಲವೆಂದರೆ ಯಾರ ತಲೆ ತಾನೇ ನೆಟ್ಟಗಿರುತ್ತದೆ? ಅವಳಿಗೆ ಅಳು ಕೂಡ ಬಂದಿರಲಿಲ್ಲ.

ಮುಚ್ಚಿದ ಶೆಡ್ಡು, ಒಳಗೆ ಓಡುತ್ತಿದ್ದ ಕಾರಿನ ಎಂಜಿನ್ನು. ಹೊಗೆಯಿಂದ ಸತ್ತದ್ದೆಂದು ಡಾಕ್ಟರು ಹೇಳಿದ್ದರು. ಉಳಿದದ್ದನ್ನು ಜನ ಹೇಳುತ್ತಿದ್ದರು.

"ಒಳ್ಗಿಂದ ಚಿಲ್ಕ ಹಾಕಂಡ್ ಕೂಕಂಡಿದ್ರ್ ಅಂಬ್ರ್," ನೆರೆಮನೆಯ ವನಜ ಪಿಸುಗುಟ್ಟಿದಳು. "ಎಂತ ಬೇಜಾರಿತ್ತೋ."

ಎಂತ ಬೇಜಾರೆಂದು ತನಗೊಬ್ಬಳಿಗೇ ಗೊತ್ತು ಎಂದುಕೊಂಡಳು ಕುಸುಮಾವತಿ.

*

ಕಳೆದ ತಿಂಗಳು ಬ್ರಹ್ಮಾವರದ ಮದುವೆಯಿಂದ ಬರುವಾಗ ಚಂದಯ್ಯನ ಹಳೇ ಅಂಬಾಸಿಡರ್ ಸಾಸ್ತಾನದ ಟೋಲಿನ ಸಾಲಿನಲ್ಲಿ ಸಿಕ್ಕಿಬಿದ್ದಿತ್ತು. ಮುಂದೆ ಎಂಜಿನ್ನಿನ ಬಿಸಿ, ಮೇಲೆ ಬಿಸಿಲು. ಅವಳು ಇಳಿದು ಮದುವೆಯ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡಳು.

"ಇನ್ ಈ ಒಲಿ ಒಳ್ಗ್ ನಾನ್ ಕೂಕಂಬುದಿಲ್ಲೆ. ಗುಜ್ರಿಗೆ ಹಾಕಿ. ನೀವೂ ಅದ್ರೊಟ್ಟಿಗೇ ಹೋಯ್ನಿ."

ಅಂದವಳೇ ಬಸ್ಸು ಹತ್ತಿದಳು. ಚಂದಯ್ಯ ಖಾಲಿ ಕಾರನ್ನು ಬಸ್ಸಿನ ಹಿಂದೆಯೇ ಊರವರೆಗೂ ತಂದ. ಮರುದಿನದಿಂದ ಶೆಡ್ಡು ಸೇರಿದ. ಏನು ಕೇಳಿದರೂ "ಆದ್ಮೇಲ್ ಕಾಂಬ" ಎನ್ನುತ್ತಿದ್ದ.

*

"ಕುಸುಮಕ್ಕ."

ಗ್ಯಾರೇಜಿನ ಶೇಖರ. ಶೆಡ್ಡಿನ ಬಾಗಿಲು ಒಡೆದವನು, ಆಸ್ಪತ್ರೆಯಿಂದ ಚಂದಯ್ಯನ ಜೊತೆಗೇ ಬಂದವನು. ಅವನ ಕೈಯಲ್ಲಿ ಅವಳ ಎಣ್ಣೆ ಬಾಟಲಿಯಿತ್ತು.

"ಕಾರಂಗೆ ಇದ್ದಿತ್ತ್. ಹಿಂದಿನ್ ಸೀಟಂಗೆ, ನೀವ್ ಕೂಕಂಬ ಬದಿಗೆ."

"ನನ್ನೆಣ್ಣಿ ಅಲ್ಲೆಂತಕ್ಕೆ?"

"ಚಂದಯ್ಯಣ್ಣ ಕಾರಿಗೆ ಏಸಿ ಕೂರ್ಸಿದ್ರ್, ಅಕ್ಕ. ಹಳೆ ಮಾರುತಿದ್ ಕಂಪ್ರೆಸರ್ ನಾನೇ ಕೊಟ್ಟದ್. ನಿಮ್ಗ್ ಹೇಳುಕಾಗ ಅಂದಿದ್ರ್." ಶೇಖರ ಬಾಟಲಿಯನ್ನು ಅವಳ ಕೈಗಿಟ್ಟ. "ನಿನ್ನೆ ಫೋನ್ ಮಾಡಿದ್ರ್. ತಂಪ್ ಹೊರ್ಗ್ ಹೋಪುಕಾಗ ಅಂದೇಳಿ ಶೆಡ್ಡಿನ್ ಬಾಗ್ಲೂ ಹಾಕಿದೆ, ಎಣ್ಣಿ ಗಟ್ಟಿ ಆರೆ ಏಸಿ ಸಮ ಇತ್ತ್ ಅಂದ್ ಲೆಕ್ಕ, ಅದ್ನೇ ಕಾಯ್ತಿದ್ದೆ ಅಂದ್ರ್. ಬಾಗ್ಲ್ ತೆಗಿನಿ ಅಂದ್ ಫೋನಂಗೇ ಕೂಗ್ದೆ. ಅಷ್ಟೊತ್ತಿಗೆ ಮಾತ್ ನಿಂತಿತ್ತ್."

ವನಜ ಸೆರಗು ಬಾಯಿಗೆ ಒತ್ತಿಕೊಂಡಳು.

"ಗಟ್ಟಿ ಆಯಿದ್ದಿತ್ತಾ?" ಕುಸುಮಾವತಿ ಕೇಳಿದಳು.

"ಇಲ್ಲೆ, ಅಕ್ಕ. ಅರ್ಧ ಅಷ್ಟೇ."

ಈಗ ಅದೂ ಕರಗಿ ನೀರಾಗಿತ್ತು. ಅವಳು ಅಂಗೈಗೆ ಸುರಿದುಕೊಂಡು ಗಂಡನ ತಣ್ಣಗಿನ ನೆತ್ತಿಗೆ ಒತ್ತಿ, ಕೈ ತೆಗೆದಳು. ಅವನ ಕೂದಲ ನಡುವೆ ಎಣ್ಣೆ ನಿಧಾನವಾಗಿ ಬೆಳ್ಳಗಾಗಿ, ಗಟ್ಟಿಯಾಗುತ್ತ ಬಂತು.